ಬಿಟ್ಟಿಲ್ಲ, ಕಡಿಮೆ ಮಾಡಿದ್ದೇನೆ

ಐನಾಪುರ
೧೪ ಜುಲೈ ೨೦೨೪

ರಾಜಾರಾಮ,

ನಿನ್ನ ಫೋನಿಗೆ ನನ್ನ ನಂಬರು ಹತ್ತುತ್ತಿಲ್ಲ. ಬೇರೆಯವರ ಫೋನಿನಿಂದ ಮಾಡಿದರೆ ನನ್ನ ಧ್ವನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ. ನಾಲ್ಕು ತಿಂಗಳು ನೋಡಿ ಕೊನೆಗೆ ಕಾಗದ ಹಿಡಿದಿದ್ದೇನೆ. ಇದನ್ನು ಹಾರೂಗೇರಿ ಸ್ಟ್ಯಾಂಡಿನಲ್ಲಿ ಗಂಗೂಬಾಯಿಯ ಚಹಾದಂಗಡಿಯಲ್ಲಿ ಕೊಟ್ಟು ಹೋಗುತ್ತೇನೆ. ಸಂತೆಗೆ ಬಂದಾಗ ನೀನು ಅಲ್ಲಿ ಕೂರುತ್ತೀ ಎಂದು ಅವಳೇ ಹೇಳಿದಳು.

ಮಾರ್ಚ್ ಒಂಬತ್ತರ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ. ನಾನೇ ಶುರು ಮಾಡುತ್ತೇನೆ. ಅಂದು ಅಥಣಿ ಬಿಡುವಾಗಲೇ ನಿನ್ನ ಕಣ್ಣು ಕೆಂಪಾಗಿತ್ತು. ಹನ್ನೊಂದು ವರ್ಷ ಒಂದೇ ನಿಪ್ಪಾಣಿ ಬಸ್ಸಿನಲ್ಲಿ ನೀನು ಡ್ರೈವರ್, ನಾನು ಕಂಡಕ್ಟರ್. ನಿನ್ನ ಬೆನ್ನು ನೋಡಿಯೇ ಎಷ್ಟು ಕುಡಿದಿದ್ದೀ ಎಂದು ಹೇಳಬಲ್ಲೆ. ಕೃಷ್ಣಾ ಸೇತುವೆಯ ಮೇಲೆ ಎಡಗಡೆಯ ಮುಂದಿನ ಗಾಲಿ ಕಟ್ಟೆಗೆ ಉಜ್ಜಿತು. ಬಸ್ಸಿನಲ್ಲಿ ಐವತ್ತೆಂಟು ಜನ. ಒಬ್ಬರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಕಿಟಕಿಯಿಂದ ಕೆಳಗೆ ನೀರು ಕಾಣುತ್ತಿತ್ತು.

ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಹತ್ತಿರ ಹೋಗಿ ಹೇಳಿದವನು ನಾನೇ. ಯಾರೋ ಪ್ರಯಾಣಿಕರು ಹೇಳಿದರೆಂದು ಡಿಪೊದಲ್ಲಿ ಸುದ್ದಿ ಇದೆ. ಅದು ಸುಳ್ಳು. ನಿನ್ನನ್ನು ಇಳಿಸಿ ಬಾಯಿಗೆ ಯಂತ್ರ ಹಿಡಿದಾಗ ನೀನು ನನ್ನ ಕಡೆ ನೋಡಿದೆ. ನಾನು ಟಿಕೆಟ್ ಮಷಿನ್ ನೋಡುತ್ತಾ ನಿಂತಿದ್ದೆ.

ತಪ್ಪು ಮಾಡಿದೆ ಎಂದು ನನಗೆ ಅನಿಸುವುದಿಲ್ಲ. ಆದರೆ ಊಟ ಸೇರುತ್ತಿಲ್ಲ. ಈಗ ಹಾಲಸಿದ್ದ ಎಂಬ ಹೊಸ ಹುಡುಗ ನಮ್ಮ ಬಸ್ಸು ಓಡಿಸುತ್ತಿದ್ದಾನೆ. ನೀನು ಚಿಕ್ಕೋಡಿ ದವಾಖಾನೆಗೆ ಹೋಗಿ ಕುಡಿತಕ್ಕೆ ಗುಳಿಗೆ ತಗೊಳ್ಳುತ್ತಿದ್ದೀ ಎಂದು ಅವನ ಬಾಯಿಂದ ಕೇಳಿದೆ. ನಿಜವೇ? ಅಷ್ಟು ಮಾತ್ರ ಬರೆ.

ನಿನ್ನ
ಮುರಗೆಪ್ಪ


ಪಾಲಬಾವಿ
೨ ಆಗಸ್ಟ್ ೨೦೨೪

ಕಂಡಕ್ಟರ್ ಮುರಗೆಪ್ಪನವರಿಗೆ ಜೈ ಭೀಮ್.

ಫೋನಿನಲ್ಲಿ ಬೈದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದದಲ್ಲಿ ಆ ತೊಂದರೆ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸೇತುವೆಯ ಕಥೆ ನೀವು ಹೇಳಿದಿರಿ. ಉಳಿದದ್ದು ನಾನು ಹೇಳುತ್ತೇನೆ. ಹನ್ನೊಂದು ವರ್ಷ ಡಿಪೊ ಗೇಟಿಗೆ ಬರುವ ಮೊದಲು ನನ್ನ ಬಾಯಿಗೆ ಯಾಲಕ್ಕಿ ಹಾಕಿದವರು ಯಾರು? ತಡವಾದಾಗ ಗಾಲಿ ಪಂಕ್ಚರ್ ಎಂದು ಬರೆದವರು ಯಾರು? ತಿಂಗಳಿಗೆ ಎರಡು ಶನಿವಾರ ಐನಾಪುರದ ನಿಮ್ಮ ದ್ರಾಕ್ಷಿ ತೋಟದಲ್ಲಿ ಕೂತು ಕುಡಿದವರು ಇಬ್ಬರು. ನಾನು ಸಾಕು ಅಂದ ದಿನ ಗ್ಲಾಸು ತುಂಬಿದವರು ನೀವು. ಇದನ್ನೂ ಕಂಟ್ರೋಲರಿಗೆ ಹೇಳಿದಿರಾ?

ಹೇಳಿದ್ದು ತಪ್ಪು ಅನ್ನುವುದಿಲ್ಲ. ಐವತ್ತೆಂಟು ಜನ. ಅದು ನನಗೂ ಗೊತ್ತು. ಆದರೆ ನನಗೆ ಮೊದಲು ಹೇಳಬಹುದಿತ್ತು. ಬಸ್ಸು ನಿಲ್ಲಿಸು, ಕೆಳಗಿಳಿ ಅಂದಿದ್ದರೆ ಇಳಿಯುತ್ತಿದ್ದೆ.

ದವಾಖಾನೆಯ ಮಾತು ನಿಜ. ಅಮಾನತಿನ ಆದೇಶ ಬಂದ ವಾರ ಹೆಂಡತಿ ಜನಾಬಾಯಿ ಶಾಲೆಯ ಬಿಸಿಯೂಟದ ಕೆಲಸಕ್ಕೆ ರಜೆ ಹಾಕಿ, ಮಗಳು ನೀಲಮ ಕಾಲೇಜು ಬಿಟ್ಟು, ಇಬ್ಬರೂ ಆಚೆ ಈಚೆ ಕೂತು ನನ್ನನ್ನು ಕರೆದುಕೊಂಡು ಹೋದರು. ಕಳ್ಳನನ್ನು ಕರೆದೊಯ್ದಂತೆ. ಅಲ್ಲಿ ಗುರುವಾರ ಗುರುವಾರ ಒಬ್ಬ ಡಾಕ್ಟರ್ ಮೇಡಂ ಬರುತ್ತಾರೆ. ನಾನು ಇವತ್ತಿನಿಂದಲೇ ಬಿಡುತ್ತೇನೆ ಎಂದು ಶೂರತನ ತೋರಿಸಿದೆ. ಅವರು ಬ್ಯಾಡ ಅಂದರು. ಬೆಳಿಗ್ಗೆಯಿಂದ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೆ ಅಪಾಯವಂತೆ. ರಕ್ತ ತೆಗೆದು ಲಿವರ್ ನೋಡಿ, ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಇದು ಕುಡಿತಾ ಬಿಡಸೋ ಮಂತ್ರ ಅಲ್ರಿ. ಕುಡೀಬೇಕು ಕುಡೀಬೇಕು ಅಂತ ಒಳಗಿಂದ ಎಳಿತೈತಲ್ಲ, ಆ ಎಳತಾ ಕಡಿಮಿ ಮಾಡತೈತಿ. ಕುಡದ್ರೂ ಮೊದಲಿನ ಮಜಾ ಸಿಗೂದಿಲ್ಲ. ಸಾವಕಾಶ ಕಡಿಮಿ ಆಗತೈತಿ. ತಿಂಗಳಗಟ್ಟಲೆ ಹಿಡೀತೈತಿ, ನಿಮಗೂ ತಾಳ್ಮಿ ಬೇಕು, ಮನಿಯವರಿಗೂ ಬೇಕು."

ಮೊದಲ ಹದಿನೈದು ದಿನ ಹೊಟ್ಟೆ ತೊಳಸಿತು, ತಲೆನೋವು ಬಂತು. ಈಗ ಅದು ಹೋಗಿದೆ. ತಾಳ್ಮೆ ಮಾತ್ರ ಯಾರಿಗೂ ಬಂದಿಲ್ಲ. ಊರಿನವರು ಎದುರಿಗೆ ಸಿಕ್ಕರೆ ಒಂದೇ ಪ್ರಶ್ನೆ, ಬಿಟ್ಟಿಯೇನು? ಕಡಿಮೆ ಮಾಡಿದ್ದೇನೆ ಅಂದರೆ ನಗುತ್ತಾರೆ.

ಇನ್ನು ಬರೆಯಬೇಡಿ.

ರಾಜಾರಾಮ


ಐನಾಪುರ
೨೫ ಆಗಸ್ಟ್ ೨೦೨೪

ರಾಜಾರಾಮ,

ಬರೆಯಬೇಡಿ ಅಂದೆ. ಬರೆಯುತ್ತಿದ್ದೇನೆ. ನೀನು ನನಗೆ ಬಹುವಚನ ಹಚ್ಚಿದ್ದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ತೋಟದ ಮಾತು ಒಪ್ಪುತ್ತೇನೆ. ಮುಂದಕ್ಕೆ ಹೋಗುತ್ತೇನೆ.

ಮೊನ್ನೆ ಮಂಗಳವಾರ ಬಸ್ಸು ಹಾರೂಗೇರಿ ಬಿಟ್ಟಾಗ ನೀನು ಬಾರಿನ ಮೆಟ್ಟಿಲು ಇಳಿಯುತ್ತಿದ್ದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ನಾನು ಬಾಗಿಲಲ್ಲೇ ನಿಂತಿದ್ದೆ, ನೀನು ನೋಡಲಿಲ್ಲ. ಗುಳಿಗೆ ನುಂಗುವುದು, ಮೇಲೆ ಕುಡಿಯುವುದು. ಇದು ಯಾವ ಸೀಮೆಯ ಚಿಕಿತ್ಸೆ ರಾಜಾರಾಮ? ಉಪವಾಸ ಅನ್ನುತ್ತಾ ಊಟ ಮಾಡಿದ ಹಾಗಲ್ಲವೇ? ಆ ಮೇಡಂ ಓದಿದವರು ಇರಬಹುದು. ನಮ್ಮ ಡಿಪೊದ ಸಾಹೇಬರು ಅಷ್ಟು ಓದಿದವರಲ್ಲ. ಅಕ್ಟೋಬರ್ ಇಪ್ಪತ್ತೊಂದಕ್ಕೆ ನಿನ್ನ ವಿಚಾರಣೆ ಇಟ್ಟಿದ್ದಾರೆ. ಕುಡಿತ ಬಿಟ್ಟಿದ್ದಾನೆ ಎಂಬ ಒಂದು ಸರ್ಟಿಫಿಕೇಟ್ ಕೇಳುತ್ತಾರೆ. ಕಡಿಮೆ ಆಗಿದೆ ಎಂಬ ಸರ್ಟಿಫಿಕೇಟಿನಿಂದ ಯಾರಿಗೂ ಸ್ಟೇರಿಂಗ್ ಸಿಕ್ಕಿದ್ದು ನಾನು ಕಂಡಿಲ್ಲ.

ಎರಡು ತಿಂಗಳಿಲ್ಲ. ಜನಾಬಾಯಿಯ ಮುಖ ನೋಡು. ನಿಮ್ಮ ಬುದ್ಧ ವಿಹಾರಕ್ಕೆ ಹೋಗಿ ನಾಲ್ಕು ಜನರ ಮುಂದೆ ನಿಂತು ಇವತ್ತಿನಿಂದ ಮುಟ್ಟುವುದಿಲ್ಲ ಅಂದುಬಿಡು. ಗಂಡಸಾಗಿ ಒಂದು ಮಾತು ಅಂದರೆ ಸಾಕು. ಇಷ್ಟು ಉದ್ದ ಯಾಕೆ ಎಳೆಯುತ್ತೀ?

ಸಿಟ್ಟಿನಲ್ಲಿ ಬರೆದಿದ್ದೇನೆ. ಹರಿಯುವುದಿಲ್ಲ, ಹಾಗೇ ಕಳಿಸುತ್ತೇನೆ.

ಮುರಗೆಪ್ಪ


ಪಾಲಬಾವಿ
೨೨ ಸೆಪ್ಟೆಂಬರ್ ೨೦೨೪

ಮುರಗೆಪ್ಪಣ್ಣ,

ನಿನ್ನ ಕಾಗದವನ್ನು ನಾನೇ ಹರಿದೆ. ಹರಿದ ಮೇಲೆ ಮತ್ತೆ ಜೋಡಿಸಿ ಓದಿದೆ. ನಿನಗೆ ನೀವು ನೀವು ಎಂದು ಬರೆದು ನನ್ನ ಕೈಯೂ ನೋಯುತ್ತದೆ, ಬಿಡು.

ಆ ಮಂಗಳವಾರ ನೀನು ನೋಡಿದ್ದು ನಿಜ. ಚೀಲದಲ್ಲಿ ಅರ್ಧ ಕ್ವಾರ್ಟರಿನ ಒಂದು ನೈಂಟಿ ಇತ್ತು. ಒಂದೇ. ಮಾರ್ಚ್ ತಿಂಗಳಲ್ಲಿ ನನಗೆ ದಿನಕ್ಕೆ ಮೂರು ಕ್ವಾರ್ಟರ್ ಬೇಕಾಗುತ್ತಿತ್ತು ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆರು ಪಾಲಿನಲ್ಲಿ ಐದು ಪಾಲು ಹೋಗಿದೆ. ನಿನಗೆ ಕಂಡದ್ದು ಆ ಉಳಿದ ಒಂದು. ಮನೆಯಲ್ಲೂ ಅದೇ, ಊರಲ್ಲೂ ಅದೇ.

ಒಂದು ಸಂಗತಿ ಹೇಳುತ್ತೇನೆ. ಯಾರಿಗೆ ಹೇಳಿದರೂ ಅರ್ಥವಾಗಲಿಲ್ಲ. ಹೋದ ಭಾನುವಾರ ಸಂಜೆ ಗ್ಲಾಸಿಗೆ ಸುರಿದುಕೊಂಡು ಎರಡು ಗುಟುಕು ಕುಡಿದಿದ್ದೆ. ಅಷ್ಟರಲ್ಲಿ ನೀಲಮ ತನ್ನ ಸ್ಕೂಟಿಯ ಬ್ರೇಕ್ ಹತ್ತುತ್ತಿಲ್ಲ ಅಂದಳು. ಅಂಗಳಕ್ಕೆ ಹೋಗಿ ಕೇಬಲ್ ಬಿಚ್ಚಿದೆ, ಎಣ್ಣೆ ಬಿಟ್ಟೆ, ಬಿಗಿದೆ, ರಸ್ತೆಯ ತನಕ ಓಡಿಸಿ ನೋಡಿದೆ. ಕೈ ತೊಳೆದು ಒಳಗೆ ಬಂದರೆ ಗ್ಲಾಸು ಕಿಟಕಿಯಲ್ಲಿ ಹಾಗೇ ಇದೆ. ಒಳಗೆ ಒಂದು ನೊಣ ಬಿದ್ದಿದೆ. ನಾನು ಮರೆತಿದ್ದೆ ಅಣ್ಣ. ತಡೆದುಕೊಂಡದ್ದಲ್ಲ, ಹಲ್ಲು ಕಚ್ಚಿ ಬಿಟ್ಟದ್ದಲ್ಲ. ಮರೆತೇಹೋಗಿತ್ತು. ಇಪ್ಪತ್ತೈದು ವರ್ಷದಲ್ಲಿ ಎಲ್ಲವನ್ನೂ ಮರೆತಿದ್ದೇನೆ, ಮಗಳ ಶಾಲೆಯ ಸಭೆ ಮರೆತಿದ್ದೇನೆ, ತಂದೆಯ ವರ್ಷದ ದಿನ ಮರೆತಿದ್ದೇನೆ. ಅದನ್ನು ಮಾತ್ರ ಒಮ್ಮೆಯೂ ಮರೆತಿರಲಿಲ್ಲ.

ಓಡಿಹೋಗಿ ಜನಾಬಾಯಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹಂಗಾರ ಸುರಕೊಂಡದ್ದರ ಯಾಕ?" ಅಂದಳು.

ಅವಳದೂ ತಪ್ಪಲ್ಲ. ಅವಳು ನೋಡಿದ್ದು ಎಷ್ಟು, ನಾನು ತೋರಿಸುವುದು ಎಷ್ಟು. ಆದರೂ ಸಿಟ್ಟು ಬಂತು. ಆ ಸಿಟ್ಟಿಗೆ ಇನ್ನೊಂದು ನೈಂಟಿ ತರಬೇಕೆಂದು ಚಪ್ಪಲಿ ಮೆಟ್ಟಿದೆ. ರಸ್ತೆಯ ತನಕ ಹೋಗಿ ವಾಪಸು ಬಂದೆ. ಇದನ್ನು ಅವಳಿಗೆ ಹೇಳಲಿಲ್ಲ.

ಗುಳಿಗೆ ಸಿಗುವುದೇ ದೊಡ್ಡ ರಗಳೆ. ಆಗಸ್ಟ್ ಕೊನೆಯ ವಾರ ಎಲ್ಲೂ ಇರಲಿಲ್ಲ. ಅಥಣಿಗೆ ಹೋದೆ, ರಾಯಬಾಗಕ್ಕೆ ಹೋದೆ, ಕೊನೆಗೆ ಮಿರಜಿನಿಂದ ತಂದೆ. ಒಂದು ಅಂಗಡಿಯವನು ಚೀಟಿ ಓದಿ, ಎಲ್ಲರ ಮುಂದೆ, "ದಾರೂದ್ದೇನ್ರಿ ಇದು?" ಎಂದು ಕೂಗಿದ.

ವಿಹಾರದಲ್ಲಿ ನಿಂತು ಮಾತು ಕೊಡು ಅಂದೆಯಲ್ಲ, ಅಲ್ಲಿ ನಾಲ್ಕು ಸಲ ಕೊಟ್ಟಿದ್ದೇನೆ. ಅಲ್ಲಿಯ ಹಿರಿಯರು ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಐದನೆಯದು ಬೇಡ. ನನಗೆ ಕಾಲ ಬೇಕು, ಅಷ್ಟೇ. ಈಗ ದಿನ ಬಿಟ್ಟು ದಿನ ಆಗಿದೆ. ವಿಚಾರಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ.

ನಿನ್ನ
ರಾಜಾರಾಮ


ಪಾಲಬಾವಿ
೧೩ ಅಕ್ಟೋಬರ್ ೨೦೨೪

ಮುರಗೆಪ್ಪ ಕಾಕಾ ಅವರಿಗೆ,

ನಾನು ನೀಲಮ. ಅಪ್ಪನ ಕಾಗದಗಳು ಎಲ್ಲಿಗೆ ಹೋಗುತ್ತವೆ ಎಂದು ಗಂಗೂಬಾಯಿ ಹೇಳಿದಳು. ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ಬುಧವಾರ ಮಧ್ಯಾಹ್ನ ಅಪ್ಪ ಸಾಯುವ ಸ್ಥಿತಿಗೆ ಹೋಗಿದ್ದರು. ಅದಕ್ಕೆ ಮೊದಲು ಮೂರು ದಿನ ಅವರು ಕುಡಿದೇ ಇರಲಿಲ್ಲ. ಮೂರು ದಿನ, ಕಾಕಾ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ಡಾಕ್ಟರ್ ಮೇಡಂ ಹಾಕು ಅಂದಿದ್ದಾರೆ. ಬುಧವಾರ ಊಟಕ್ಕೆ ಮೊದಲು ಅರ್ಧ ಗ್ಲಾಸು ಕುಡಿದರು. ಹತ್ತು ನಿಮಿಷದಲ್ಲಿ ಮುಖ, ಕುತ್ತಿಗೆ, ಎದೆ ಎಲ್ಲ ಕೆಂಡದ ಹಾಗೆ ಕೆಂಪಾಯಿತು. ವಾಂತಿ ನಿಲ್ಲಲಿಲ್ಲ. ಎದೆ ಒಡೆಯುತ್ತದೆ ಅಂದರು, ಆಮೇಲೆ ಮಾತೇ ನಿಂತಿತು. ಪಕ್ಕದ ಮನೆಯವರ ಕಾರಿನಲ್ಲಿ ದವಾಖಾನೆಗೆ ಒಯ್ದೆವು. ರಕ್ತದೊತ್ತಡ ಬಹಳ ಕೆಳಗೆ ಹೋಗಿತ್ತು. ಎರಡು ದಿನ ಇಟ್ಟುಕೊಂಡರು.

ಡ್ಯೂಟಿ ಡಾಕ್ಟರ್ ಬೇರೆ ಏನು ತಗೊಂಡಿದ್ದೀರಿ ಎಂದು ಮತ್ತೆ ಮತ್ತೆ ಕೇಳಿದರು. ಅಪ್ಪ ಗುಳಿಗೆಯ ಹೆಸರು ಹೇಳಿದರು. ಈ ಗುಳಿಗೆಯಿಂದ ಹೀಗೆ ಆಗುವುದಿಲ್ಲ ಅಂದರು ಅವರು. ಅಪ್ಪ ಕೇಳಲಿಲ್ಲ. ಮನೆಗೆ ಬಂದವರೇ ಗುಳಿಗೆಗಳನ್ನೆಲ್ಲ ಚರಂಡಿಗೆ ಹಾಕಿದರು. ನಿನ್ನೆಯಿಂದ ಬೆಳಿಗ್ಗೆ ಎದ್ದ ಕೂಡಲೇ ಕುಡಿಯಬೇಕು ಅನ್ನುತ್ತಿದ್ದಾರೆ, ಹೆದರಿಕೆಗೆ ಮುಟ್ಟುತ್ತಿಲ್ಲ. ಹೆದರಿಕೆ ಎಷ್ಟು ದಿನ ಇರುತ್ತದೆ?

ನಿಮ್ಮ ಹೆಸರು ತೆಗೆದರೆ ಅವ್ವ ಎದ್ದು ಒಳಗೆ ಹೋಗುತ್ತಾಳೆ. ಯಾಕೆಂದು ನನಗೆ ಗೊತ್ತಿಲ್ಲ. ನೀವು ಅಪ್ಪನಿಗೆ ಒಂದು ಮಾತು ಬರೆಯಿರಿ. ಬೈದರೂ ನಿಮ್ಮ ಕಾಗದವನ್ನು ಅವರು ಎರಡು ಸಲ ಓದುತ್ತಾರೆ.

ನಿಮ್ಮ
ನೀಲಮ


ಐನಾಪುರ
೧೭ ಅಕ್ಟೋಬರ್ ೨೦೨೪

ರಾಜಾರಾಮ,

ಸುದ್ದಿ ತಿಳಿಯಿತು. ಜೀವ ಉಳಿಯಿತು, ಅದೇ ದೊಡ್ಡದು. ವಿಶ್ರಾಂತಿ ತಗೋ. ಎಳನೀರು ಕುಡಿ. ವಿಚಾರಣೆಯ ತಾರೀಖು ಮುಂದಕ್ಕೆ ಹಾಕಿಸಲು ಆಗುತ್ತದೆಯೇ ಎಂದು ಕೇಳಿ ನೋಡುತ್ತೇನೆ.

ಬಸ್ಸಿಗೆ ಹೊತ್ತಾಯಿತು. ಹೆಚ್ಚು ಬರೆಯಲು ಆಗುತ್ತಿಲ್ಲ.

ಮುರಗೆಪ್ಪ


ಪಾಲಬಾವಿ
೨ ನವೆಂಬರ್ ೨೦೨೪

ಮುರಗೆಪ್ಪಣ್ಣ,

ನೀನು ಹೇಳಿದ್ದೇ ನಿಜವಾಯಿತು. ಗುಳಿಗೆ ಮತ್ತು ಕುಡಿತ ಎರಡೂ ಒಟ್ಟಿಗೆ, ಇದು ಯಾವ ಸೀಮೆಯ ಚಿಕಿತ್ಸೆ ಅಂದಿದ್ದೆ. ನಾನು ಮೂರ್ಖ. ಆ ಮೇಡಂ ಮಾತು ಕೇಳಿ ವಿಷ ನುಂಗಿದೆ.

ಈಗ ಗುಳಿಗೆ ಇಲ್ಲ. ಹದಿನೈದು ದಿನ ಹೆದರಿಕೊಂಡಿದ್ದೆ. ಆಮೇಲೆ ಒಂದು ಗುಟುಕು ನೋಡಿದೆ, ಏನೂ ಆಗಲಿಲ್ಲ. ಎರಡು ನೋಡಿದೆ. ಈಗ ಬೆಳಿಗ್ಗೆಯೇ ಶುರುವಾಗುತ್ತದೆ. ಕೈ ನಡುಗುವುದು ವಾಪಸು ಬಂದಿದೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ವಿಚಾರಣೆಗೆ ಹೋಗಲಿಲ್ಲ. ಏನೆಂದು ಹೋಗಲಿ? ಇನ್ನೊಂದು ತಾರೀಖು ಕೊಡುತ್ತಾರಂತೆ. ಅದಕ್ಕೂ ಹೋಗುವುದಿಲ್ಲ.

ಆರೇಳು ತಿಂಗಳು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟ ಹಾಗೆ ಇಟ್ಟಿದ್ದೆ ಅಣ್ಣ. ಹೋಗಲಿ.

ರಾಜಾರಾಮ


ಐನಾಪುರ
೧೦ ನವೆಂಬರ್ ೨೦೨೪

ರಾಜಾರಾಮ,

ಇದನ್ನು ಓದುವಾಗ ಕೂತುಕೊಂಡು ಓದು. ಕುಡಿದಿದ್ದರೆ ಮಡಿಚಿಟ್ಟು ನಾಳೆ ಓದು.

ನಿನ್ನನ್ನು ಸಾವಿನ ಬಾಗಿಲಿಗೆ ಒಯ್ದದ್ದು ಡಾಕ್ಟರ್ ಕೊಟ್ಟ ಗುಳಿಗೆಯಲ್ಲ. ನಾನು ಕೊಟ್ಟ ಪುಡಿ.

ಆಗಸ್ಟಿನಲ್ಲಿ ನಿನ್ನನ್ನು ಬಾರಿನ ಮೆಟ್ಟಿಲ ಮೇಲೆ ಕಂಡ ಮೇಲೆ ನನ್ನ ತಲೆ ಕೆಟ್ಟಿತ್ತು. ನಿನ್ನ ಕೆಲಸ ಹೋದರೆ ತೆಗೆದವನು ನಾನೇ ಆಗುತ್ತೇನೆ. ಅದನ್ನು ಹೊತ್ತು ಬದುಕುವುದು ಹೇಗೆ ಎಂಬ ಚಿಂತೆ. ನಿನ್ನ ಚಿಂತೆಗಿಂತ ಅದೇ ಹೆಚ್ಚಾಗಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಗಡಿಯ ಆಚೆ ಒಂದು ಹಳ್ಳಿಯಲ್ಲಿ ಕುಡಿತ ಬಿಡಿಸುವ ಪುಡಿ ಕೊಡುವವನಿದ್ದಾನೆ, ಕುಡಿಯುವವನಿಗೆ ತಿಳಿಯದ ಹಾಗೆ ಊಟದಲ್ಲಿ ಹಾಕಿದರೆ ಸಾಕು ಎಂದು ಯಾರೋ ಬಸ್ಸಿನಲ್ಲಿ ಮಾತಾಡುತ್ತಿದ್ದರು. ರಜೆ ಹಾಕಿ ಹೋದೆ. ಕಾಗದದ ಪೊಟ್ಟಣದಲ್ಲಿ ಬಿಳಿ ಪುಡಿ ಕೊಟ್ಟ. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ.

ಸೆಪ್ಟೆಂಬರ್ ಕೊನೆಗೆ ಶಾಲೆಯ ಅಡಿಗೆ ಮನೆಯ ಹಿಂದೆ ನಿಂತು ಜನಾಬಾಯಿಗೆ ಕೊಟ್ಟೆ. ಅವಳು ಒಪ್ಪಲಿಲ್ಲ.

"ಅಣ್ಣಾರ, ಮೇಡಂ ಬ್ಯಾರೆ ಏನೂ ಕೊಡಬ್ಯಾಡ ಅಂದಾರ್ರಿ. ಅವರೀಗ ಮೊದಲಿನಂಗ ಕುಡ್ಯಾಕತ್ತಿಲ್ಲ" ಅಂದಳು.

ಆ ಮಾತು ನೆನಪಿಟ್ಟುಕೋ. ನಿನ್ನ ಮುಂದೆ ಹೊಗಳದವಳು ನನ್ನ ಮುಂದೆ ನಿನ್ನ ಪರವಾಗಿ ನಿಂತಳು. ನಾನು ಕೇಳಲಿಲ್ಲ. ನೊಣ ಬಿದ್ದ ಗ್ಲಾಸಿನ ಬಗ್ಗೆ ನೀನು ಬರೆದ ಕಾಗದ ಆಗ ನನ್ನ ಜೇಬಿನಲ್ಲೇ ಇತ್ತು. ಓದಿದ್ದೆ. ನಂಬಿರಲಿಲ್ಲ. ಕುಡಿಯುವವರು ಹೇಳುವ ಕಥೆ ಅಂದುಕೊಂಡಿದ್ದೆ. ಎರಡನೆಯ ಸಲ ಹೋದೆ. ಇಪ್ಪತ್ತೊಂದನೇ ತಾರೀಖು ಹತ್ತಿರ ಬಂತು, ಅವನ ನೌಕರಿ ಹೋದರೆ ಮಗಳ ಓದು ನಿಲ್ಲುತ್ತದೆ, ಆಗ ನನ್ನನ್ನು ಕೇಳಬೇಡ ಅಂದೆ. ಅದಕ್ಕೆ ಹೆದರಿ ತಗೊಂಡಳು. ಮೂರು ದಿನ ಪಲ್ಯದಲ್ಲಿ ಹಾಕಿದ್ದಾಳೆ. ನಾಲ್ಕನೆಯ ದಿನ ನೀನು ಅರ್ಧ ಗ್ಲಾಸು ಕುಡಿದೆ.

ಆ ಮೂರು ದಿನ ನೀನು ಕುಡಿಯದೇ ಇದ್ದದ್ದು ಪುಡಿಯಿಂದಲ್ಲ, ನಿನ್ನಿಂದ.

ನೀನು ದವಾಖಾನೆಯಲ್ಲಿದ್ದಾಗ ಅವಳು ಫೋನ್ ಮಾಡಿ ಅತ್ತಳು. ಡಾಕ್ಟರಿಗೆ ಹೇಳಿಬಿಡುತ್ತೇನೆ ಅಂದಳು. ಬೇಡ, ಇಬ್ಬರ ಮೇಲೂ ಪೊಲೀಸ್ ಕೇಸಾಗುತ್ತದೆ ಎಂದು ಬಾಯಿ ಮುಚ್ಚಿಸಿದವನು ನಾನು. ನಂತರ ನಿನಗೆ ಎಳನೀರು ಕುಡಿ ಎಂದು ಬರೆದೆ. ಅವಳ ಮೇಲೆ ಕೈ ಎತ್ತಬೇಡ, ಬಾಯಿ ಎತ್ತಬೇಡ. ಬೈಯುವುದಿದ್ದರೆ ನನ್ನ ವಿಳಾಸ ನಿನಗೆ ಗೊತ್ತು.

ನಿನ್ನ ಎರಡನೇ ತಾರೀಖಿನ ಕಾಗದ ಬಂದ ಮೇಲೆ ನಾಲ್ಕು ದಿನ ತಡೆದೆ. ಗುರುವಾರ ಉಳಿದ ಪೊಟ್ಟಣ ತಗೊಂಡು ಚಿಕ್ಕೋಡಿಗೆ ಹೋಗಿ ನಿಮ್ಮ ಮೇಡಂ ಮುಂದೆ ಇಟ್ಟೆ. ಅವರು ಪೊಟ್ಟಣ ಬಿಚ್ಚಿ ನೋಡಿದರು. ಪರೀಕ್ಷೆ ಮಾಡಿಸದೆ ಖಚಿತ ಹೇಳಲಾಗದು, ಆದರೆ ಲಕ್ಷಣ ನೋಡಿದರೆ ಹೆಂಡದ ಜೊತೆ ಸೇರಿ ಮೈಯಲ್ಲಿ ವಿಷವಾಗುವ ಔಷಧ ಇದರಲ್ಲಿ ಇದ್ದಿರಬೇಕು ಅಂದರು. ಅಂಥ ಔಷಧವನ್ನು ಡಾಕ್ಟರು ಕೊಟ್ಟರೂ ರೋಗಿಗೆ ಹೇಳಿ, ಒಪ್ಪಿಸಿ ಕೊಡುತ್ತಾರಂತೆ.

"ಮುಚ್ಚಿ ಕೊಟ್ರ ಮನಷ್ಯಾ ಸಾಯತಾನ್ರಿ. ನಾ ಕೊಟ್ಟ ಗುಳಿಗಿಗೂ ಇದಕ್ಕೂ ಸಂಬಂಧನ ಇಲ್ಲ. ಅದು ಅವರಿಗೆ ಹತ್ತಿತ್ತು. ಹತ್ತಿದ್ದನ್ನ ನೀವು ಬಿಡಿಸಿದ್ರಿ" ಅಂದರು.

ಡಿಪೊಕ್ಕೂ ಬರೆದು ಕೊಟ್ಟಿದ್ದೇನೆ. ಅಕ್ಟೋಬರಿನಲ್ಲಿ ನೀನು ಬಿದ್ದದ್ದು ಅತಿಯಾಗಿ ಕುಡಿದು ಅಲ್ಲ, ನನ್ನ ಪುಡಿಯಿಂದ ಎಂದು. ಮಾರ್ಚ್ ಒಂಬತ್ತಕ್ಕಿಂತ ಮೊದಲು ಹನ್ನೊಂದು ವರ್ಷ ನಿನ್ನ ವಾಸನೆಯನ್ನು ಮುಚ್ಚಿದವನು ನಾನು ಎಂದು. ಹಾಲಸಿದ್ದನ ಮುಂದೆಯೇ ಸಹಿ ಮಾಡಿದೆ. ಏನು ಬರುತ್ತದೋ ಬರಲಿ.

ಗುಳಿಗೆ ಮತ್ತೆ ಶುರು ಮಾಡು. ಇದನ್ನು ಹೇಳುವ ಮುಖ ನನಗಿಲ್ಲ. ಆದರೂ ಹೇಳುತ್ತೇನೆ.

ಮುರಗೆಪ್ಪ


ಪಾಲಬಾವಿ
೧೯ ಜನವರಿ ೨೦೨೫

ಮುರಗೆಪ್ಪ,

ಎರಡು ತಿಂಗಳು ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದೆ. ಅದರಲ್ಲಿ ಇದ್ದ ಮಾತುಗಳನ್ನು ನೀಲಮ ಓದಬಾರದು.

ನಿನ್ನ ಕಾಗದ ಓದಿ ನೆಟ್ಟಗೆ ಮನೆಗೆ ಹೋದೆ. ಜನಾಬಾಯಿ ಜೋಳ ಹಸನು ಮಾಡುತ್ತಿದ್ದಳು. ಮುರಗೆಪ್ಪ ಎಲ್ಲ ಬರೆದಿದ್ದಾನೆ ಅಂದೆ. ಮೊರ ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಹೌದ್ರಿ, ನಾನ ಹಾಕೀನಿ. ಇಪ್ಪತ್ತೊಂದ ವರ್ಷ ನೀವು ಕೊಟ್ಟದ್ದು ನಾ ನುಂಗೀನಿ. ನಾ ಕೊಟ್ಟದ್ದು ನಿಮಗ ಮೂರ ದಿನಾ ತಡಕೊಳ್ಳಾಕ ಆಗಲಿಲ್ಲ" ಅಂದಳು.

ಒಂಬತ್ತು ದಿನ ನಾವು ಮಾತಾಡಲಿಲ್ಲ. ಒಂಬತ್ತು ದಿನವೂ ಅವಳು ಮೊದಲು ತಾನು ಒಂದು ತುತ್ತು ತಿಂದು, ಆಮೇಲೆ ನನ್ನ ತಾಟು ಮುಂದಿಟ್ಟಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಹತ್ತನೆಯ ದಿನ ಸಾಕು ಮಾಡು ಅಂದೆ. ನೀವೂ ಸಾಕು ಮಾಡ್ರಿ ಅಂದಳು. ಇಬ್ಬರಿಗೂ ನಗು ಬಂದಂತಾಯಿತು, ಆದರೆ ನಗಲಿಲ್ಲ.

ಮೇಡಂ ಹತ್ತಿರ ಮೂವರೂ ಹೋದೆವು. ಮತ್ತೆ ರಕ್ತ ತೆಗೆದರು. ಲಿವರ್ ಸರಿಯಾಗುವ ತನಕ ಕಾಯಬೇಕು ಅಂದರು. ಡಿಸೆಂಬರ್ ಐದರಿಂದ ಗುಳಿಗೆ ಶುರುವಾಗಿದೆ. ಎಲ್ಲ ಮೊದಲಿನಿಂದ. ಹೊಟ್ಟೆ ತೊಳಸುವುದೂ ಮೊದಲಿನಿಂದ. ನೀನು ನನ್ನ ಆರೇಳು ತಿಂಗಳು ತಿಂದೆ ಮುರಗೆಪ್ಪ. ಅದನ್ನು ಯಾವ ದೇವರ ಮುಂದೆ ನಿಂತು ಬೇಡಿಕೊಂಡರೂ ವಾಪಸು ಕೊಡಲು ನಿನಗೆ ಆಗುವುದಿಲ್ಲ.

ಡಿಸೆಂಬರ್ ಹದಿನೆಂಟಕ್ಕೆ ವಿಚಾರಣೆ ಆಯಿತು. ಹೋದೆ. ಮೇಡಂ ಕೊಟ್ಟ ಸರ್ಟಿಫಿಕೇಟಿನಲ್ಲಿ ಚಿಕಿತ್ಸೆ ನಡೆದಿದೆ, ಕುಡಿತ ಇಳಿಮುಖವಾಗಿದೆ ಎಂದಿತ್ತು. ಸಾಹೇಬರು ಅದನ್ನು ಮೇಲೆ ಕೆಳಗೆ ಮಾಡಿ ನೋಡಿದರು.

"ಇದೆಲ್ಲಾ ಬ್ಯಾಡ. ಬಿಟ್ಟೀಯೋ ಇಲ್ಲೋ? ಒಂದ ಮಾತಿನ್ಯಾಗ ಹೇಳು" ಅಂದರು.

ಒಂದು ಮಾತಿನಲ್ಲಿ ಹೇಳುವುದು ಎಷ್ಟು ಸುಲಭ ಇತ್ತು. ಹೌದು ಅಂದಿದ್ದರೆ ಆಗುತ್ತಿತ್ತು. ಇಪ್ಪತ್ತೈದು ವರ್ಷ ಅದನ್ನೇ ಹೇಳುತ್ತಾ ಬಂದಿದ್ದೇನೆ.

"ಬಿಟ್ಟಿಲ್ರಿ. ಕಡಿಮಿ ಮಾಡೀನಿ. ಇನ್ನೂ ಮಾಡಾಕತ್ತೀನಿ" ಅಂದೆ.

ಬರೆದುಕೊಳ್ಳುತ್ತಿದ್ದ ಕ್ಲರ್ಕು ಪೆನ್ನು ಎತ್ತಿ ಸಾಹೇಬರ ಮುಖ ನೋಡಿದ. ಅವನ ಹಾಳೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ ಅಂತ ಕಾಣುತ್ತದೆ. ಆಮೇಲೆ ನೀನು ಬರೆದುಕೊಟ್ಟದ್ದನ್ನು ಓದಿದರು. ಹನ್ನೊಂದು ವರ್ಷದ ಸಾಲು ಬಂದಾಗ ನಾನು ನೆಲ ನೋಡಿದೆ. ಕೆಲಸದಿಂದ ತೆಗೆಯಲಿಲ್ಲ. ಆದರೆ ಸ್ಟೇರಿಂಗ್ ಇಲ್ಲ. ಡಿಪೊದಲ್ಲಿ ಟಾಯರ್ ಸೆಕ್ಷನ್ನಿಗೆ ಹಾಕಿದ್ದಾರೆ. ತಿಂಗಳು ತಿಂಗಳು ಸರ್ಟಿಫಿಕೇಟ್ ಕೊಡಬೇಕು, ಒಂದು ವರ್ಷದ ಮೇಲೆ ನೋಡುತ್ತಾರಂತೆ. ನಿನಗೂ ನೋಟೀಸು ಬಂದಿದೆ, ನಿಪ್ಪಾಣಿ ಬಸ್ಸಿನಿಂದ ಇಳಿಸಿದ್ದಾರೆ ಎಂದು ಹಾಲಸಿದ್ದ ಹೇಳಿದ. ಸಂತೋಷ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಬೆಳಿಗ್ಗೆ ಬಸ್ಸುಗಳು ಒಂದೊಂದಾಗಿ ಗೇಟು ದಾಟುವಾಗ ನಾನು ಟಾಯರಿಗೆ ಗಾಳಿ ಹಿಡಿಯುತ್ತಾ ನಿಂತಿರುತ್ತೇನೆ. ಆಗ ಬಹಳ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಹೇಳಲು ಬರುವುದಿಲ್ಲ. ಕುಡಿಯಬೇಕು ಎಂದು ಮೊದಲು ಅನಿಸುವುದು ಆ ಹೊತ್ತಿನಲ್ಲಿ. ಅನಿಸುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಮೊದಲು ಹೋಗುತ್ತಿರಲಿಲ್ಲ. ಈಗ ಕುಡಿಯುವುದು ವಾರಕ್ಕೆ ಎರಡು ದಿನ. ಹೋದ ವಾರ ಮೈದುನನ ಮನೆಯಲ್ಲಿ ಮೂರು ದಿನ ಆಯಿತು, ಅಳತೆಯೂ ತಪ್ಪಿತು. ಅದನ್ನೂ ನೀಲಮ ಕ್ಯಾಲೆಂಡರಿನಲ್ಲಿ ಹಾಕಿದಳು. ಹಾಕಬೇಡ ಅನ್ನಲಿಲ್ಲ.

ಇಷ್ಟು ಬರೆದದ್ದು ಒಂದು ಕೆಲಸಕ್ಕಾಗಿ. ಮುಂದಿನ ಗುರುವಾರ ಮನೆಯವರನ್ನು ಬಿಟ್ಟು ಇನ್ನೊಬ್ಬರನ್ನು ಕರೆದುಕೊಂಡು ಬಾ ಎಂದು ಮೇಡಂ ಹೇಳಿದ್ದಾರೆ. ಜೊತೆಗೆ ಕೂತು ಕುಡಿಯುತ್ತಿದ್ದವರು ಯಾರಾದರೂ ಇದ್ದರೆ ಒಳ್ಳೆಯದಂತೆ. ಅಂಥವನು ನನಗೆ ಒಬ್ಬನೇ. ಚಿಕ್ಕೋಡಿಯಲ್ಲಿ ಹತ್ತು ಗಂಟೆಗೆ. ಮನೆಗೆ ಬರಬೇಡ, ಜನಾಬಾಯಿಗೆ ಇನ್ನೂ ನಿನ್ನ ಮುಖ ಬೇಡ. ನೆಟ್ಟಗೆ ದವಾಖಾನೆಗೆ ಬಾ.

ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಅಲ್ಲಿ ನನಗೆ ಬುದ್ಧಿ ಹೇಳಬೇಡ. ದಿನಕ್ಕೆ ಎಷ್ಟು, ವಾರಕ್ಕೆ ಎಷ್ಟು ಎಂದು ಅವರು ನಿನ್ನನ್ನೂ ಕೇಳುತ್ತಾರೆ. ಪೂರ್ತಿ ಬಿಟ್ಟಿದ್ದೇನೆ ಅನ್ನಬೇಡ. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ರಾಜಾರಾಮ